ಮಟ್ಟಿಯಲ್ಲಿ ಕಲಿತ ಇಂಗ್ಲಿಷು

ನಮ್ಮ ಇಂಗ್ಲಿಷ್ ಮೇಷ್ಟರ ಬಲಗಿವಿಯನ್ನು ಕಿವಿ ಎಂದು ಕರೆಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಹಿಂಡಿ ಹರವಲು ಮರೆತ ಬಟ್ಟೆಯ ಹಾಗೆ ಅದು ಮುದುರಿ, ಗಂಟುಕಟ್ಟಿ, ತಲೆಗೆ ಅಂಟಿಕೊಂಡಿತ್ತು. ಕುಸ್ತಿಯವರಿಗೆ ಇದು ಗೊತ್ತು. ವರ್ಷಗಟ್ಟಲೆ ಎದುರಾಳಿಯ ಮೊಣಕೈ, ಮಂಡಿ ತಿಂದ ಕಿವಿ ಹಾಗೇ ಆಗುತ್ತದೆ. ಅವರು ಜರಿಯ ರುಮಾಲು ಸುತ್ತಿ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು ತೊಟ್ಟು ಎಷ್ಟೇ ಸೊಗಸಾಗಿ ಸ್ಕೂಲಿಗೆ ಬಂದರೂ ಆ ಕಿವಿ ರುಮಾಲಿನ ಅಂಚಿನಿಂದ ಇಣುಕಿ ಅವರ ಮಾನ ಕಳೆಯುತ್ತಿತ್ತು. ಆ ಕಡೆಯಿಂದ ಅವರಿಗೆ ಅಷ್ಟಾಗಿ ಕೇಳಿಸುತ್ತಲೂ ಇರಲಿಲ್ಲ. ಅವರನ್ನು ಬೈಯಬೇಕಾದಾಗ ನಾವು ಹುಡುಗರು ಅತ್ತಲೇ ಹೋಗಿ ನಿಂತು ಬೈಯುತ್ತಿದ್ದೆವು. ಬೈಯಲು ಕಾರಣ ಬೇಕಾದಷ್ಟಿತ್ತು.

ನಾನೀಗ ನರಸೀಪುರದ ಕೋರ್ಟಿನಲ್ಲಿ ವಕೀಲ. ಎದ್ದು ನಿಂತು ಇಂಗ್ಲಿಷ್ ಶುರುಮಾಡಿದರೆ ಕೈಕೈ ಮಿಲಾಯಿಸಲು ಬಂದವನ ಹಾಗೆ ಕಾಣುತ್ತೇನಂತೆ. ಮೈಸೂರಿನಿಂದ ಬರುವ ಎಳೆಯ ವಕೀಲರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಗಲಿ, ನಮ್ಮಪ್ಪನ ಗಂಟೇನು ಹೋಗುತ್ತದೆ? ಅವರೆಲ್ಲ ಬೆಂಚಿನ ಮೇಲೆ ಕೂತು ಇಂಗ್ಲಿಷ್ ಕಲಿತವರು. ನಾನು ಬೋರಲು ಬಿದ್ದು, ಬಾಯಿತುಂಬ ಕೆಮ್ಮಣ್ಣು ತುಂಬಿಕೊಂಡು ಕಲಿತವನು.

ಕಲಿಯಲು ಹೋದದ್ದೂ ವಿದ್ಯೆಯ ಆಸೆಯಿಂದಲ್ಲ. ನಮ್ಮದು ಹದಿನಾರು ಎಂಬ ಊರಿನ ಆಚೆ ಒಂದು ಸಣ್ಣ ಹಳ್ಳಿ. ಕಾಲುವೆಯ ನೀರು ತಿರುಗಿಸುವ ಜಗಳದಲ್ಲಿ ನಮ್ಮ ದೊಡ್ಡಪ್ಪನ ಮಗ ನನ್ನ ಅಣ್ಣನನ್ನು ಗುದ್ದಲಿಯ ಹಿಂಬದಿಯಿಂದ ಹೊಡೆದು ಕೊಂದುಹಾಕಿದ. ಅಣ್ಣನನ್ನು ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿ ತಂದರು. ಅವ್ವ ಅವನ ತಲೆಯನ್ನು ಮಡಿಲಿಗೆ ಎತ್ತಿಕೊಳ್ಳಲು ಹೋದಳು. ಎತ್ತಿಕೊಳ್ಳಲು ಪೂರ್ತಿ ತಲೆ ಇರಲಿಲ್ಲ. ಇಷ್ಟು ವರ್ಷವಾದರೂ ಇದನ್ನು ಬರೆಯುವಾಗ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಕೇಸು ಮೈಸೂರಿನಲ್ಲಿ ನಡೆಯಿತು. ಕಂಡವರೆಲ್ಲ ಕಾಣಲಿಲ್ಲ ಎಂದರು. ವಕೀಲರೂ ಜಡ್ಜಿಯೂ ಇಂಗ್ಲಿಷಿನಲ್ಲಿ ಏನೇನೋ ಮಾತಾಡಿಕೊಂಡರು. ಅಪ್ಪ ಹಣೆಗೆ ವಿಭೂತಿ ಬಳಿದುಕೊಂಡು, ಮುಗಿದ ಕೈ ಇಳಿಸದೆ ಮೂಲೆಯಲ್ಲಿ ನಿಂತಿದ್ದ. ಎದುರು ಕಡೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡಾಗಲೇ ತನ್ನ ಮಗನನ್ನು ಕೊಂದವನು ಬಿಡುಗಡೆಯಾದ ಎಂದು ಅವನಿಗೆ ತಿಳಿದದ್ದು. ಊರಿಗೆ ಬಂದವನೇ ಜಗುಲಿಯ ಕಂಬಕ್ಕೆ ಹಣೆ ಗುದ್ದಿಕೊಂಡ. "ಒಂದ್ ಮಾತೂ ತಿಳೀನಿಲ್ವಲ್ಲಾ ಸಿವ್ನೇ! ನನ್ ಮಗನ್ ಸಾವ್ನ ವಿಚಾರ ನಂಗೇ ತಿಳೀನಿಲ್ವಲ್ಲಾ!" ಎಂದು ಅತ್ತ. ಆ ದಿನವೇ ಅವನ ಒಳಗೆ ಏನೋ ಕಲ್ಲಾಯಿತು.

ದೊಡ್ಡಪ್ಪನ ಮಗ ನಮ್ಮ ಸೀಮೆಗೆಲ್ಲ ಹೆಸರಾದ ಪೈಲ್ವಾನ. ಅಪ್ಪನ ಲೆಕ್ಕಾಚಾರ ಅದರ ಮೇಲೆ ನಿಂತಿತ್ತು. ಹೊಲದಲ್ಲಿ ಕೊಂದರೆ ಗಲ್ಲು. ಕುಸ್ತಿಯ ಕಣದಲ್ಲಿ, ಸಾವಿರ ಜನರ ಎದುರಿಗೆ, ಜೋಡಿ ಕಟ್ಟಿ ಆಡುವಾಗ ಕತ್ತು ಮುರಿದರೆ ಅದು ಆಟದಲ್ಲಿ ಆದ ಅನಾಹುತ. ಆಗ ಯಾವ ಪೊಲೀಸಿನವನೂ ಮುಟ್ಟುವುದಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ಹಾಗಾಗಿ ಉಳಿದ ಒಬ್ಬನೇ ಮಗನಾದ ನನ್ನ ರಟ್ಟೆ ಹಿಡಿದು ನಂಜನಗೂಡಿಗೆ ಎಳೆದುಕೊಂಡು ಹೋದ. ಅಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟರು ಬೆಳಗ್ಗೆ ಗರಡಿ ನಡೆಸುತ್ತಾರೆ, ಹಗಲು ಸ್ಕೂಲಿನಲ್ಲಿ ಪಾಠ ಮಾಡುತ್ತಾರೆ, ಕತ್ತಿನ ಪಟ್ಟಿನಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಕೇಳಿದ್ದನಂತೆ.

ಕಪಿಲೆಯ ದಂಡೆಯಲ್ಲಿ ಹೆಂಚಿನ ಒಂದು ಕೊಟ್ಟಿಗೆ, ಅದೇ ಗರಡಿ. ಮೇಷ್ಟರು ಲಂಗೋಟಿಯಲ್ಲಿ ನಿಂತು, ಎಣ್ಣೆ ಅರಿಸಿನ ಹಾಕಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿಯನ್ನು ಗುದ್ದಲಿಯಿಂದ ಕೆದಕುತ್ತಿದ್ದರು. ಗುದ್ದಲಿ ಕಂಡು ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಹೇಳಿದ: "ನನ್ ಮಗಂಗೆ ಕತ್ತಿನ್ ಪಟ್ಟು ಕಲಿಸ್ಬೇಕು ಮೇಷ್ಟ್ರೇ. ಬ್ಯಾರೇನೂ ಬ್ಯಾಡ."

ಮೇಷ್ಟರು ಅಪ್ಪನ ಮುಖವನ್ನೇ ಬಹಳ ಹೊತ್ತು ನೋಡಿದರು. "ಕಲಿಸ್ತೀನಿ ಗೌಡ್ರೇ. ಆದ್ರೆ ನನ್ನ ಗರಡೀಲಿ ಪಟ್ಟೆಲ್ಲಾ ಇಂಗ್ಲಿಷಲ್ಲೇ. ಇವನು ಸ್ಕೂಲಿಗೂ ಸೇರ್ಬೇಕು. ಒಪ್ಪಿಗೇನಾ?"

"ನೀವು ಯಾವ್ ಬಾಸೇಲಾದ್ರೂ ಕಲಿಸ್ಕಳಿ," ಎಂದ ಅಪ್ಪ. "ಕತ್ತು ಒಂದೇ ತಾನೇ."

ಅಯ್ಯೋ, ಆ ಪಾಠವೇ! ಬೆಳಕು ಹರಿಯುವ ಹೊತ್ತಿಗೆ ದಂಡ ಬಸ್ಕಿ ಹೊಡೆದು, ಮಟ್ಟಿಗೆ ನಮಸ್ಕಾರ ಮಾಡಿ ನಿಂತರೆ ಇಂಗ್ಲಿಷು ನಮ್ಮ ಮೈಮೇಲೆ ಬೀಳುತ್ತಿತ್ತು. ಒಂದು ಕ್ರಿಯಾಪದದ ಬಾಲ ಬದಲಾದರೆ ಅರ್ಥವೆಲ್ಲ ಬದಲಾಗುವ ಆ ಹಾಳು ಮಾತುಗಳನ್ನು ಸ್ಕೂಲಿನ ಬೇರೆ ಮೇಷ್ಟರುಗಳು ಬಾಯಿಪಾಠ ಮಾಡಿಸುತ್ತಿದ್ದರು. ನಮ್ಮ ಮೇಷ್ಟರಿಗೆ ಬಾಯಿಪಾಠವೆಂದರೆ ಆಗದು. 'ಹೋಲ್ಡ್ ಬ್ಯಾಕ್' ಎಂದು ಕೂಗಿ, ಮುನ್ನುಗ್ಗುವವನ ಲಂಗೋಟಿಯನ್ನು ಹಿಂದಿನಿಂದ ಹಿಡಿದು ಎಳೆಯುತ್ತಿದ್ದರು. 'ಹೋಲ್ಡ್ ಔಟ್' ಎಂದರೆ ಮುಗಿದೇಹೋಯಿತು. ಬೋರಲು ಬಿದ್ದವನ ಬೆನ್ನ ಮೇಲೆ ತಮ್ಮ ಭಾರವನ್ನೆಲ್ಲ ಬಿಟ್ಟು ಕೂತು, ನಿಧಾನವಾಗಿ ನಶ್ಯ ಏರಿಸಿ, ಸೀನು ಬರುವವರೆಗೂ ಏಳುತ್ತಿರಲಿಲ್ಲ. ಕೆಳಗಿದ್ದವನು ತಡೆದುಕೊಳ್ಳಬೇಕು, ಅದೇ ಅರ್ಥ. 'ಬೈಟ್ ದ ಡಸ್ಟ್' ಎಂಬ ನುಡಿಗಟ್ಟಿಗೆ ವಿವರಣೆಯೇ ಬೇಕಿರಲಿಲ್ಲ. ಮುಖ ಮಟ್ಟಿಗೆ ಒತ್ತಿದ ಮೇಲೆ ಮಣ್ಣು ತಾನಾಗಿ ಹಲ್ಲಿಗೆ ಸಿಗುತ್ತಿತ್ತು.

ಪ್ರತಿ ಪೆಟ್ಟಿನ ಕೊನೆಗೂ ಒಂದೇ ಪ್ರಶ್ನೆ. "ಮೈಗಾಯ್ತೇನ್ಲಾ?" ಅರ್ಥವಾಯಿತೇ ಎಂದು ಅವರು ಒಂದು ದಿನವೂ ಕೇಳಲಿಲ್ಲ. "ತಲೆ ಮರೀತದೆ ಕಣ್ಲಾ, ಮೈ ಮರೆಯಕಿಲ್ಲ," ಎನ್ನುತ್ತಿದ್ದರು.

ಸೋತೆನೆಂದು ಮಟ್ಟಿಯನ್ನು ಅಂಗೈಯಿಂದ ತಟ್ಟುವುದು ನಮ್ಮ ಸೀಮೆಯ ಗರಡಿಗಳ ವಾಡಿಕೆ. ಒಮ್ಮೆ ನನಗಿಂತ ದಪ್ಪನೆಯ ತಾಂಡವಪುರದವನೊಬ್ಬ ನನ್ನನ್ನು ಅಡಿಗೆ ಹಾಕಿಕೊಂಡು ಪಕ್ಕೆಲುಬು ಜಜ್ಜುತ್ತಿದ್ದಾಗ ತಟ್ಟಿಬಿಟ್ಟೆ. ಮಾರನೆಯ ದಿನ ನಾನು ಗರಡಿಗೆ ಹೋಗಲಿಲ್ಲ. ಮೇಷ್ಟರು ನೇರ ಕ್ಲಾಸಿಗೆ ಬಂದು, ಬೆಂಚಿನಿಂದ ನನ್ನನ್ನು ಕುತ್ತಿಗೆಪಟ್ಟಿ ಹಿಡಿದು ಎತ್ತಿದರು. "ನಿನ್ನೆ ಮಾಡಿದ್ದು ಗಿವ್ ಇನ್. ಅಂದ್ರೆ ಎದುರಿಗಿರೋನ ಮುಂದೆ ಸೋಲೋದು. ಅದಕ್ಕೆ ಮಾಫಿ ಉಂಟು. ಇವತ್ತು ಮಾಡಿದ್ದು ಗಿವ್ ಅಪ್. ನಿನ್ನ ಮುಂದೆ ನೀನೇ ಸೋಲೋದು. ಅದಕ್ಕಿಲ್ಲ," ಎಂದು ಎರಡು ಕೆನ್ನೆಗೂ ಬಾರಿಸಿದರು. ಕೆನ್ನೆ ಊದಿಕೊಂಡು ರೊಟ್ಟಿಯಾಯಿತು. ಆದರೆ ಆ ಎರಡು ಮಾತುಗಳನ್ನು ನಾನು ಇವತ್ತಿಗೂ ಅದಲುಬದಲು ಮಾಡಿಲ್ಲ.

ಇದರಿಂದ ಒಂದು ಎಡವಟ್ಟಾಯಿತು. ನಮಗೆ ಇಂಗ್ಲಿಷು ಮೈಯಲ್ಲಿತ್ತು, ನಿಜ. ಆದರೆ ಮೈಗೆ ಕೆಲಸ ಕೊಡದಿದ್ದರೆ ಬಾಯಿಗೆ ಬರುತ್ತಿರಲಿಲ್ಲ! ಸ್ಕೂಲಿನ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಪ್ರಶ್ನೆ ಕೇಳಿದರೆ ಗರಡಿಯ ಹುಡುಗರೆಲ್ಲ ಕಂಬದ ಹಾಗೆ ನಿಂತರು. ಮೇಷ್ಟರ ಮುಖ ಬೆವರಿತು. ಅವರು ಸದ್ದಿಲ್ಲದೆ ನನ್ನ ಹಿಂದೆ ಬಂದು, ತೋಳನ್ನು ತಿರುಚಿ ಬೆನ್ನಿಗೆ ಒತ್ತಿದರು. ಅಷ್ಟೇ ಸಾಕಾಯಿತು. 'ಹೋಲ್ಡ್' ಎಂಬುದರ ಅಷ್ಟೂ ಬಾಲಗಳು, ಅರ್ಥ ಸಮೇತ, ಉದಾಹರಣೆ ಸಮೇತ ನನ್ನ ಬಾಯಿಂದ ಬುಳಬುಳನೆ ಉದುರಿದವು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲಿ ಪಾಠ ಹೇಳ್ತಿದೀರೋ, ಕಸಾಯಿ ಅಂಗಡಿ ಇಟ್ಟಿದೀರೋ?" ಎಂದು ಕೇಳಿದರು. ಮೇಷ್ಟರು ತಲೆ ತಗ್ಗಿಸಿ, "ತಮ್ಮ ಪ್ರಶ್ನೆಗೆ ಉತ್ತರ ಬಂತಲ್ಲ, ಮಹಾಸ್ವಾಮಿ," ಎಂದರು.

ಇಷ್ಟೆಲ್ಲ ಹೊಡೆತದ ನಡುವೆಯೂ ಅವರು ನಗುತ್ತಿದ್ದರು ಎಂಬುದನ್ನು ಹೇಳಲೇಬೇಕು. ಒಂದು ಮಾತಿಗೆ ಮಾತ್ರ ನಗುತ್ತಿರಲಿಲ್ಲ. ಅದು 'ಲೆಟ್ ಗೋ'. ಬಿಟ್ಟುಬಿಡು ಎಂದು ಅರ್ಥ. ಎಂಥ ಬಿಗಿಯಾದ ಪಟ್ಟಿನಲ್ಲಿರಲಿ, ಗೆಲ್ಲುವ ಗಳಿಗೆಯೇ ಆಗಿರಲಿ, ಅವರು 'ಲೆಟ್ ಗೋ' ಎಂದ ಕೂಡಲೆ ಕೈ ಬಿಚ್ಚಬೇಕು. ಒಂದು ಉಸಿರು ತಡವಾದರೂ ಬಿದಿರಿನ ಕೋಲು ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಆ ಹೊಡೆತ ಬೇರೆ ಥರ. ಅವರ ಕಣ್ಣಿಗೆ ಆಗ ನಾವು ಕಾಣುತ್ತಿರಲಿಲ್ಲ. ನನ್ನ ಎಡ ಮಣಿಕಟ್ಟು ಊದಿ ಊದಿ ಅಲ್ಲೊಂದು ಗಂಟು ನಿಂತುಬಿಟ್ಟಿದೆ. ಕಡೆಕಡೆಗೆ ನಾವು ಯೋಚಿಸುವುದನ್ನೇ ಬಿಟ್ಟೆವು. ಮಾತು ಕಿವಿಗೆ ಬಿದ್ದರೆ ಕೈ ತಾನೇ ಬಿಚ್ಚಿಕೊಳ್ಳುತ್ತಿತ್ತು. ಕಾರಣ ಕೇಳುವ ಧೈರ್ಯ ಯಾರಿಗಿತ್ತು?

ನನಗೆ ಮೀಸೆ ಮೂಡಿ ಭುಜ ಹರವಾದ ಮೇಲೆ ಅಪ್ಪ ಸಿದ್ಧತೆ ಮಾಡಿದ. ಬೇಸಿಗೆಯಲ್ಲಿ ನರಸೀಪುರದ ಸಂಗಮದ ಬಳಿ ಹೊಳೆ ಇಳಿದು ಮರಳು ಹರವಾದಾಗ ಅಲ್ಲೊಂದು ದೊಡ್ಡ ಕುಸ್ತಿ ಏರ್ಪಾಡಾಗಿತ್ತು. ಅಪ್ಪ ನಾಲ್ಕು ಜನರನ್ನು ಹಿಡಿದು ನನಗೂ ದೊಡ್ಡಪ್ಪನ ಮಗನಿಗೂ ಜೋಡಿ ಕಟ್ಟಿಸಿದ. ಹಿಂದಿನ ದಿನ ಬಂದು ನನ್ನ ಕೈ ಹಿಡಿದು, "ನಿಮ್ಮಣ್ಣನ್ ತಲೆ ನೆಪ್ಪದಾ ಮಗಾ? ಅವ್ನ್ ಕತ್ ಸಿಕ್ತದೆ. ಬುಡಬ್ಯಾಡ," ಎಂದ. ನಾನು ಬಿಡುವುದಿಲ್ಲ ಎಂದೆ. ಬಿಡುವ ಮನಸ್ಸು ನನಗೂ ಇರಲಿಲ್ಲ, ಸತ್ಯವಾಗಿಯೂ ಇರಲಿಲ್ಲ. ಅಷ್ಟು ವರ್ಷ ಮಣ್ಣು ತಿಂದದ್ದೇ ಅದಕ್ಕೆ.

ತಮಟೆಯವರು ಮಧ್ಯಾಹ್ನದಿಂದಲೇ ಬಡಿಯುತ್ತಿದ್ದರು. ಮರಳು ಕಾದು ಅಂಗಾಲು ಸುಡುತ್ತಿತ್ತು. ಗರಡಿಯ ಉಸ್ತಾದರಾಗಿ ನಮ್ಮ ಮೇಷ್ಟರು ಕಣದ ಅಂಚಿನಲ್ಲಿ ಕೋಟು ರುಮಾಲಿನಲ್ಲಿ ಕೂತಿದ್ದರು. ದೊಡ್ಡಪ್ಪನ ಮಗ ತೊಡೆ ತಟ್ಟಿ ಬಂದ. ಕರೀ ಎಮ್ಮೆಯಂಥ ಆಳು. ನನ್ನನ್ನು ನೋಡಿ ಹಲ್ಲು ಕಿರಿದು, "ಬಾ ತಮ್ಮಾ. ನೀನು ನಿಮ್ಮಣ್ಣಂಗಿಂತ ಎಳೇವ್ನು, ಮೆಲ್ಗೇ ಆಡ್ತೀನಿ," ಎಂದ.

ಆಮೇಲಿನದು ನನಗೆ ಚೂರುಚೂರಾಗಿ ನೆನಪಿದೆ. ಅವನ ಹಣೆ ನನ್ನ ಮೂಗಿಗೆ ಬಡಿದು ಎಲುಬು ಪಟ್ಟೆಂದಿತು. ಬಾಯಿಗೆ ರಕ್ತ ಇಳಿಯಿತು. ಅವನು ನನ್ನನ್ನು ಎತ್ತಿ ಕುಕ್ಕಿದ. ನಾನು ಅವನ ಕಾಲಿಗೆ ಸುತ್ತಿಕೊಂಡು ಕೆಡವಿದೆ. ಉರುಳಾಡುತ್ತ ಅವನ ಬೆನ್ನಿಗೆ ಹತ್ತಿದವನೇ ತೋಳನ್ನು ಗಲ್ಲದ ಕೆಳಗೆ ತೂರಿಸಿ ಕತ್ತಿನ ಪಟ್ಟು ಬಿಗಿದೆ. ಇನ್ನು ತಿರುಚುವುದೊಂದೇ ಬಾಕಿ. ಅವನ ಕತ್ತಿನ ನರ ನನ್ನ ತೋಳಿನೊಳಗೆ ಪಟಪಟ ಹಾರುತ್ತಿತ್ತು. ಗಂಟಲಿನಿಂದ ಗೊರಗೊರ ಸದ್ದು ಬಂತು. ಕಣ್ಣುಗುಡ್ಡೆಗಳು ಮೇಲಾದವು. ಅವನ ಅಂಗೈ ಮರಳನ್ನು ಬಡಿಯುತ್ತಿತ್ತು. ಸೋತೆ, ಸೋತೆ ಎಂದು ಬೇಡುವ ಕೈ ಅದು. ಆ ಗದ್ದಲದಲ್ಲಿ ತೀರ್ಪು ಕೊಡುವ ಪಂಚರ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು. ನನಗೆ ಸಂತೋಷವಾಯಿತು. "ಮುರೀಲಾ ಮಗಾ! ಮುರೀ!" ಎಂದು ಅಪ್ಪ ಕೂಗಿದ್ದು ಅಷ್ಟು ಜನರ ನಡುವೆಯೂ ನನಗೆ ಕೇಳಿಸಿತು. ನಾನು ಉಸಿರೆಳೆದುಕೊಂಡು ತಿರುಚಲು ಹೊರಟೆ.

"ಲೆಟ್ ಗೋ!"

ನನ್ನ ಕೈ ಬಿಚ್ಚಿಕೊಂಡಿತು. ನಾನು ಬಿಚ್ಚಲಿಲ್ಲ, ನನ್ನಾಣೆ ಬಿಚ್ಚಲಿಲ್ಲ, ಕೈಯೇ ಬಿಚ್ಚಿಕೊಂಡಿತು. ಕಣ್ಣೆತ್ತಿದರೆ ಮೇಷ್ಟರು ಎದ್ದು ನಿಂತಿದ್ದರು. ರುಮಾಲು ಕೆಳಗೆ ಬಿದ್ದಿತ್ತು. ಅಲ್ಲಿದ್ದ ಅಷ್ಟು ಜನರಲ್ಲಿ ಆ ಮಾತು ತಿಳಿದವರು ನಾನೂ ಅವರೂ ಇಬ್ಬರೇ ಇರಬೇಕು. ಉಳಿದವರಿಗೆ ನನ್ನ ಕೈ ಜಾರಿತು ಎಂದೇ ಕಂಡಿತು.

ದೊಡ್ಡಪ್ಪನ ಮಗ ಕೆಮ್ಮಿದ, ಕಾರಿಕೊಂಡ. ನಾನು ನನ್ನ ಕೈಗಳನ್ನೇ ನೋಡುತ್ತ ಬೆಪ್ಪನ ಹಾಗೆ ಮಂಡಿಯೂರಿದ್ದೆ. ಅವನು ಎದ್ದು ಬಂದು, ಎರಡೂ ತೋಳಲ್ಲಿ ನನ್ನನ್ನು ತಲೆಯೆತ್ತರಕ್ಕೆ ಎತ್ತಿ ಬಡಿದ. ಭುಜದ ಮುಂದಿನ ಎಲುಬು ಕಟಕ್ಕೆಂದು ಮುರಿದದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಅವನು ನನ್ನನ್ನು ಚಿತ್ ಮಾಡಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಪ್ಪ ಕಣದೊಳಗೆ ಬಂದ. ಬಗ್ಗಿ, ಒಂದು ಹಿಡಿ ಮರಳು ತೆಗೆದು ನನ್ನ ಮುಖಕ್ಕೆ ಎಸೆದು ಹೊರಟುಹೋದ.

ಹೊಳೆಯ ದಂಡೆಯ ಮಂಟಪದಲ್ಲಿ ಮೇಷ್ಟರೇ ನನ್ನ ಎಲುಬು ಕೂಡಿಸಿ, ತಮ್ಮ ರುಮಾಲನ್ನು ಸೀಳಿ ಕಟ್ಟು ಹಾಕಿದರು. ನಾನು ಬಾಯಿಗೆ ಬಂದಂತೆ ಬೈದೆ. ಈ ಸಲ ಒಳ್ಳೆಯ ಕಿವಿಯ ಕಡೆಯಿಂದಲೇ ಬೈದೆ. "ನಿಮಗ್ಯಾವನು ಹೇಳಿದ್ದು ಕೂಗೋಕೆ? ನಮ್ಮಣ್ಣನ ಕೊಂದೋನು ಅವ್ನು! ನನ್ನ ಕೈಲಿ ಸಿಕ್ಕಿದ್ದ! ಕಣದಲ್ಲಿ ಸತ್ರೆ ಕೇಸಾಗಲ್ಲ ಅಂತ ಅಪ್ಪ ಹೇಳಿದ್ದ! ಹಾಳ್ ಮಾಡ್ಬುಟ್ರಲ್ಲಾ!" ಅವರು ಕಟ್ಟನ್ನು ಬಿಗಿಮಾಡುತ್ತಿದ್ದರು.

"ನಿನ್ನ ವಯಸ್ಸಲ್ಲಿ ನಾನೂ ಮೈಸೂರಲ್ಲಿ ಒಂದು ಕುಸ್ತಿ ಆಡ್ದೆ ಕಣ್ಲಾ," ಎಂದರು. "ನೋಡೋಕೆ ಒಬ್ಬ ಬಿಳೀ ದೊರೆ ಬಂದಿದ್ದ. ಇದೇ ಪಟ್ಟು. ಎದುರಾಳಿ ನನ್ನ ಸ್ನೇಹಿತನೇ, ಒಂದೇ ತಟ್ಟೇಲಿ ಉಂಡೋನು. ದೊರೆ ಎದ್ದು ನಿಂತು ಕೂಗೋಕೆ ಹತ್ತಿದ. ಲೆಟ್ ಗೋ, ಲೆಟ್ ಗೋ ಅಂತ. ನಂಗೆ ಆಗ ಎ ಅಂದ್ರೆ ಯಾವ್ದು ಅಂತ ಗೊತ್ತಿಲ್ಲ. ಶಹಬ್ಬಾಸ್ ಅಂತಿದಾನೆ ಅಂದ್ಕಂಡೆ. ಹುರುಪಾಯ್ತು. ಇನ್ನೂ ಬಿಗಿ ಮಾಡ್ದೆ."

ಅವರು ಕಟ್ಟಿನ ಕೊನೆಯನ್ನು ಒಳಕ್ಕೆ ಸಿಕ್ಕಿಸಿದರು.

"ಕೇಸಾಗ್ಲಿಲ್ಲ. ನಿಮ್ಮಪ್ಪ ಹೇಳೋದು ನಿಜ, ಕೇಸಾಗಲ್ಲ. ನಂಗೆ ಶಾಲು ಹೊದಿಸಿದ್ರು. ಆಮೇಲೆ ದೊರೆ ಕಚೇರಿಯ ಗುಮಾಸ್ತನ್ನ ಕೇಳ್ದೆ, ಸ್ವಾಮಿ, ಅವತ್ತು ದೊರೆ ಏನಂದ್ರು ಅಂತ. ಬಿಟ್ಬಿಡು ಅಂದ್ರು ಕಣಯ್ಯ ಅಂದ. ನಾನು ಮೊದಲು ಕಲಿತ ಇಂಗ್ಲಿಷ್ ಅದೇ. ಮಿಕ್ಕಿದ್ದೆಲ್ಲಾ ಆಮೇಲೆ ಕಲಿತಿದ್ದು." ಮುದುರಿದ ಕಿವಿಯನ್ನು ಹೆಬ್ಬೆರಳಿಂದ ಮುಟ್ಟಿಕೊಂಡರು. "ಈ ಕಿವೀಲಿ ಬೇರೇನೂ ಕೇಳ್ಸಲ್ಲ ಕಣ್ಲಾ. ಅವನ ಕತ್ತು ಮುರಿದಿದ್ದೊಂದು ಕೇಳ್ತದೆ."

ಆಗ ನನಗೆ ಕನಿಕರವೇನೂ ಬರಲಿಲ್ಲ. ಅವರ ಕೈ ತಳ್ಳಿ, ಗೋಡೆಗೆ ಮುಖ ಮಾಡಿ ಮಲಗಿದೆ. ಊರಿಗೆ ಹೋಗುವ ಹಾಗಿರಲಿಲ್ಲ. ಅಪ್ಪ ಬಾಗಿಲು ಹಾಕಿಕೊಂಡಿದ್ದ. ಮೇಷ್ಟರ ಮನೆಯಲ್ಲೇ, ಅವರ ಹೆಂಡತಿ ಅಮ್ಮಾವರ ಕೈಯ ಗಂಜಿ ಕುಡಿದು ಎಲುಬು ಕೂಡಿತು, ಸ್ವಲ್ಪ ಸೊಟ್ಟಗೆ. ಮೇಷ್ಟರು ತಾವೇ ರೈಲು ಹತ್ತಿಸಿ ಮೈಸೂರಿನ ಹೈಸ್ಕೂಲಿಗೆ ಸೇರಿಸಿದರು. "ಕೋರ್ಟಲ್ಲಿ ನಿಮ್ಮಪ್ಪಂಗೆ ಒಂದು ಮಾತೂ ತಿಳೀಲಿಲ್ಲ ಅಂದ್ಯಲ್ಲ. ಇನ್ನೊಬ್ಬನ ಅಪ್ಪನಿಗೆ ಹಂಗಾಗದೇ ಇರೋ ಹಾಗೆ ಮಾಡೋ, ನೋಡೋಣ," ಎಂದು ಸ್ಟೇಷನ್ನಿನಲ್ಲಿ ಗದರಿಸಿದರು. ಬೀಳ್ಕೊಡುವಾಗಲೂ ಬೆನ್ನಿಗೊಂದು ಗುದ್ದು ಕೊಟ್ಟೇ ಕಳಿಸಿದರು.

ಅವರ ಮಾತು ನಡೆಸಿಕೊಂಡು ಬಂದಿದ್ದೇನೆ. ಕೋರ್ಟಿನಲ್ಲಿ ಒಂದು ವಾಕ್ಯ ಇಂಗ್ಲಿಷಿನಲ್ಲಿ ನಡೆದರೆ, ನಾನು ಹಿಂತಿರುಗಿ, ಮೂಲೆಯಲ್ಲಿ ಕೈಮುಗಿದು ನಿಂತ ಹಳ್ಳಿಯವನಿಗೆ ಅದನ್ನು ಕನ್ನಡದಲ್ಲಿ ಹೇಳುತ್ತೇನೆ. ಎದುರು ಪಕ್ಷದವನಿಗೂ ಹೇಳುತ್ತೇನೆ. ಜಡ್ಜಿಗಳು ಸಿಡುಕುತ್ತಾರೆ. ಸಿಡುಕಿಕೊಳ್ಳಲಿ. ಅಪ್ಪ ಸಾಯುವವರೆಗೂ ನನ್ನನ್ನು 'ಇಂಗ್ಲೀಸಿನೋನು' ಎಂದೇ ಕರೆದ, ಮಗನೇ ಎನ್ನಲಿಲ್ಲ. ದೊಡ್ಡಪ್ಪನ ಮಗ ಇನ್ನೂ ಇದ್ದಾನೆ, ಮೊಮ್ಮಕ್ಕಳನ್ನು ಆಡಿಸುತ್ತಾನೆ. ಸಂತೆಯಲ್ಲಿ ಕಂಡರೆ ನಾನು ಬೇರೆ ಬೀದಿ ಹಿಡಿಯುತ್ತೇನೆ. ಅವನನ್ನು ನಾನು ಕ್ಷಮಿಸಿಲ್ಲ. ಆದರೆ ನನ್ನ ಕಿವಿ ಶುದ್ಧವಾಗಿದೆ. ಅದರಲ್ಲಿ ಯಾರ ಕತ್ತೂ ಮುರಿಯುವುದಿಲ್ಲ. ಊಟ ಮಾಡಿ ಮಲಗಿದರೆ ನಿದ್ದೆ ಬರುತ್ತದೆ. ಆ ನಿದ್ದೆ ಮೇಷ್ಟರು ಕೊಟ್ಟದ್ದು.

ಮೇಷ್ಟರಿಗೆ ಲಕ್ವ ಹೊಡೆದಿದೆ ಎಂದು ಅಮ್ಮಾವರು ಹೇಳಿಕಳಿಸಿದಾಗ ಗಾಡಿ ಕಟ್ಟಿಸಿಕೊಂಡು ನಂಜನಗೂಡಿಗೆ ಹೋದೆ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಆ ಗಂಡೆದೆ ಒಳಕ್ಕೆ ಕುಸಿದಿತ್ತು. ಮಾತು ನಿಂತಿತ್ತು. ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ನಾನು ಪಕ್ಕದಲ್ಲಿ ಕೂತ ತಕ್ಷಣ, ಸ್ವಾಧೀನವಿದ್ದ ಕೈಯಿಂದ ನನ್ನ ಎಡ ಮಣಿಕಟ್ಟನ್ನು, ಆ ಹಳೆಯ ಗಂಟಿನ ಮೇಲೆಯೇ ಹಿಡಿದರು. ಅಬ್ಬಾ, ಎಂಥ ಹಿಡಿತ! ನನ್ನ ಬೆರಳುಗಳು ನೀಲಿಯಾದವು.

"ನೆನ್ನೆಯಿಂದ ಹೀಗೇ ಕಣಪ್ಪ," ಎಂದು ಅಮ್ಮಾವರು ಕಣ್ಣೊರೆಸಿಕೊಂಡರು. "ಸಿಕ್ಕಿದ್ದನ್ನ ಹಿಡ್ಕೋತಾರೆ. ಹಾಸಿಗೆ ಹಿಡ್ಕೋತಾರೆ, ಕಂಬ ಹಿಡ್ಕೋತಾರೆ. ಒದ್ದಾಡ್ತಾರೆ. ಜೀವ ಹೋಗ್ತಿಲ್ಲ. ನನ್ನ ಕೈಲಿ ನೋಡೋಕಾಗಲ್ಲ."

ಅವರ ಕಣ್ಣು ಸೂರನ್ನು ನೋಡುತ್ತಿತ್ತು. ಬಾಯಿ ತೆರೆದು ಗಾಳಿಯನ್ನು ಕಚ್ಚುತ್ತಿತ್ತು. ಅವರು ಇನ್ನೂ ಮೈಸೂರಿನ ಆ ಕಣದಲ್ಲೇ ಇದ್ದಾರೆ, ಆ ಪಟ್ಟನ್ನೇ ಹಿಡಿದಿದ್ದಾರೆ ಎಂದು ನನಗನ್ನಿಸಿತು. ಅತ್ತುಬಿಟ್ಟೆ. ಅಪ್ಪ ಸತ್ತಾಗ ನನಗೆ ಅಷ್ಟು ಅಳು ಬಂದಿರಲಿಲ್ಲ. ನಾನು ಮಂಡಿಯೂರಿ, ಅವರ ಎದೆಯ ಮೇಲಿಂದ ಬಾಗಿ, ಎಡಗಿವಿಗೆ ಬಾಯಿಟ್ಟೆ.

"ಲೆಟ್ ಗೋ, ಸಾ," ಎಂದೆ.

ಅವರ ಕಣ್ಣು ನನ್ನ ಕಡೆ ತಿರುಗಿತು. ಈ ಸಲ ಅವರಿಗೆ ಮಾತು ತಿಳಿಯಿತು. ಕೈ ಬಿಚ್ಚಿಕೊಂಡಿತು.